ಗರ್ಭಿಣಿಯ ಉಸಿರು ಮತ್ತು ನಗರದ ಗಾಳಿ

ಚೊಚ್ಚಲ ಬಸುರಿಯಾದ ಮಗಳಿಗೆ ಏಳನೆಯ ತಿಂಗಳಿನಲ್ಲಿ ಸೀಮಂತ ಮಾಡಿ, ಹಸಿರು ಬಳೆ ತೊಡಿಸಿ, ಮಡಿಲು ತುಂಬಿ ತವರಿಗೆ ಕರೆದೊಯ್ಯುವುದು ಕನ್ನಡ ನಾಡಿನಲ್ಲಿ ಬಹುಕಾಲದಿಂದ ನಡೆದುಬಂದ ಸಂಪ್ರದಾಯ. ಬೀದರ, ಕಲಬುರಗಿ, ರಾಯಚೂರು ಕಡೆಯ ಮನೆಗಳಲ್ಲಿ ಇದನ್ನೇ ಕುಬಸ ಎನ್ನುತ್ತಾರೆ. ಈ ಮೂರು ಜಿಲ್ಲೆಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಹೈದರಾಬಾದ್ ರಾಜ್ಯದಲ್ಲಿಯೇ ಇದ್ದುದರಿಂದ, ಭಾಗ್ಯನಗರದ ಕನ್ನಡ ಮನೆಗಳಿಗೂ ಗಡಿಯಾಚೆಯ ತವರುಮನೆಗಳಿಗೂ ನಡುವಿನ ಈ ಹೋಗಿಬರುವಿಕೆ ಇಂದಿಗೂ ನಿಂತಿಲ್ಲ. ಕಾಚಿಗುಡದ ಹಳೆಯ ಮನೆಯಾಗಲಿ, ಕೂಕಟ್‌ಪಲ್ಲಿಯ ಬಹುಮಹಡಿ ಕಟ್ಟಡದ ಹೊಸ ಮನೆಯಾಗಲಿ, ಏಳನೆಯ ತಿಂಗಳು ಬಂದೊಡನೆ ಮಗಳ ಪ್ರಯಾಣದ ಸಿದ್ಧತೆ ನಡೆಯುತ್ತದೆ.

ವಿಶ್ರಾಂತಿ, ಹದವಾದ ಊಟ, ತಾಯಿಯ ಆರೈಕೆ, ಊರಿನ ಗಾಳಿ, ಇವೆಲ್ಲವೂ ಗರ್ಭಿಣಿಗೆ ದೊರೆಯಲೆಂಬುದೇ ಈ ಸಂಪ್ರದಾಯದ ಆಶಯ. ಆಶಯವು ಉತ್ತಮವಾದುದೇ. ಆದರೆ ಗಾಳಿಯ ವಿಷಯದಲ್ಲಿ ಮಾತ್ರ ಏಳನೆಯ ತಿಂಗಳು ಬಹು ತಡವಾಯಿತೆಂದು ಇಂದಿನ ವೈದ್ಯವಿಜ್ಞಾನವು ತಿಳಿಸುತ್ತದೆ. ಅಷ್ಟರಲ್ಲಿ ಶಿಶುವಿನ ಹೃದಯ, ಮಿದುಳು, ಶ್ವಾಸನಾಳಗಳು ರೂಪುಗೊಂಡಿರುತ್ತವೆ. ಆ ಆರು ತಿಂಗಳುಗಳ ಕಾಲ ತಾಯಿ ಉಸಿರಾಡಿದುದು ನಗರದ ಗಾಳಿಯನ್ನೇ. ಗರ್ಭಿಣಿ ಏನನ್ನು ತಿನ್ನಬೇಕು, ಏನನ್ನು ತಿನ್ನಬಾರದು ಎಂಬುದನ್ನು ಮನೆಯ ಹಿರಿಯರೆಲ್ಲರೂ ವಿಚಾರಿಸುತ್ತಾರೆ. ಆಕೆ ಏನನ್ನು ಉಸಿರಾಡುತ್ತಾಳೆಂಬುದನ್ನು ವಿಚಾರಿಸುವವರು ವಿರಳ. ಈ ಲೇಖನದ ಉದ್ದೇಶ ಆ ವಿಚಾರವನ್ನು ಮನೆಮಂದಿಯ ಗಮನಕ್ಕೆ ತರುವುದು.

ನಗರದ ಗಾಳಿಯಲ್ಲಿ ಇರುವುದೇನು?

ಕಣ್ಣಿಗೆ ಕಾಣುವ ದೂಳು ಮತ್ತು ಹೊಗೆಗಳಿಗಿಂತ ಕಣ್ಣಿಗೆ ಕಾಣದ ಸೂಕ್ಷ್ಮ ಕಣಗಳೇ ಹೆಚ್ಚು ಅಪಾಯಕಾರಿ. ಒಂದು ಮೀಟರಿನ ಹತ್ತು ಲಕ್ಷದ ಒಂದು ಭಾಗಕ್ಕೆ ಮೈಕ್ರಾನ್ ಎಂದು ಹೆಸರು. ಎರಡೂವರೆ ಮೈಕ್ರಾನ್ ಅಥವಾ ಅದಕ್ಕಿಂತ ಕಡಿಮೆ ಗಾತ್ರದ ಕಣಗಳನ್ನು ಪಿ.ಎಂ. 2.5 ಎಂದು ಕರೆಯುತ್ತಾರೆ. ತಲೆಗೂದಲಿನ ಒಂದು ಎಳೆ ಇಂತಹ ಕಣಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ದಪ್ಪವಾಗಿರುತ್ತದೆ. ದಪ್ಪ ದೂಳನ್ನು ಮೂಗಿನ ಕೂದಲು ಮತ್ತು ಗಂಟಲಿನ ಲೋಳೆ ತಡೆದು ಹೊರಹಾಕುತ್ತವೆ. ಸೂಕ್ಷ್ಮ ಕಣಗಳಾದರೋ ಈ ಕಾವಲನ್ನು ದಾಟಿ ಶ್ವಾಸಕೋಶದ ಕಟ್ಟಕಡೆಯ ಗಾಳಿಗೂಡುಗಳವರೆಗೆ ಇಳಿಯುತ್ತವೆ; ಅವುಗಳಲ್ಲಿ ಅತಿ ಸಣ್ಣವು ರಕ್ತವನ್ನೂ ಸೇರುತ್ತವೆ.

ಹೈದರಾಬಾದಿನಲ್ಲಿ ಈ ಕಣಗಳು ಹುಟ್ಟುವುದು ವಾಹನಗಳ ಹೊಗೆಯಿಂದ, ರಸ್ತೆಯಿಂದ ಮೇಲೇಳುವ ದೂಳಿನಿಂದ, ಕಟ್ಟಡದ ಕೆಲಸಗಳಿಂದ, ಬೀದಿಬದಿಯಲ್ಲಿ ಸುಡುವ ಕಸದಿಂದ, ಮತ್ತು ಪಟಾನ್‌ಚೆರು, ಬೊಲ್ಲಾರಂ, ಜೀಡಿಮೆಟ್ಲ ಮುಂತಾದ ಕಡೆಗಳ ಕಾರ್ಖಾನೆಗಳಿಂದ. ಇವುಗಳ ಜೊತೆಗೆ ಗಂಧಕ ಮತ್ತು ಸಾರಜನಕದ ಆಕ್ಸೈಡುಗಳು, ಇಂಗಾಲದ ಮಾನಾಕ್ಸೈಡ್, ಓಜೋನ್ ಮೊದಲಾದ ಅನಿಲಗಳೂ ಸೇರಿಕೊಳ್ಳುತ್ತವೆ. ಮುಂಗಾರಿನಲ್ಲಿ ಮಳೆಯು ಗಾಳಿಯನ್ನು ತೊಳೆಯುತ್ತದೆ. ಚಳಿಗಾಲದಲ್ಲಿ ಹಾಗಲ್ಲ. ನವೆಂಬರಿನಿಂದ ಫೆಬ್ರುವರಿಯವರೆಗೆ ರಾತ್ರಿಯ ವೇಳೆ ನೆಲಕ್ಕೆ ಹತ್ತಿರದ ಗಾಳಿ ಬೇಗ ತಣ್ಣಗಾಗಿ, ಅದರ ಮೇಲೆ ಬೆಚ್ಚಗಿನ ಗಾಳಿಯ ಪದರವು ಮುಚ್ಚಳದಂತೆ ಕೂತುಬಿಡುತ್ತದೆ. ಊರಿನ ಹೊಗೆಯೆಲ್ಲ ಆ ಮುಚ್ಚಳದ ಕೆಳಗೆ ಉಳಿಯುತ್ತದೆ. ಬೆಳಗಿನ ಜಾವದ ತಂಪುಗಾಳಿ ಆರೋಗ್ಯಕರವೆಂಬ ನಂಬಿಕೆ ಈ ನಾಲ್ಕು ತಿಂಗಳುಗಳಲ್ಲಿ ನಗರವಾಸಿಗಳಿಗೆ ಅನ್ವಯಿಸದು.

ಒಂದು ಘನ ಮೀಟರ್ ಗಾಳಿಯಲ್ಲಿ ಪಿ.ಎಂ. 2.5 ಕಣಗಳ ವಾರ್ಷಿಕ ಸರಾಸರಿ 40 ಮೈಕ್ರೊಗ್ರಾಂ ಮೀರಬಾರದೆಂದು ಭಾರತ ಸರ್ಕಾರವು 2009ರಲ್ಲಿ ಮಿತಿ ಹಾಕಿತು. ವಿಶ್ವ ಆರೋಗ್ಯ ಸಂಸ್ಥೆಯು 2005ರಲ್ಲಿ 10 ಎಂದು ಸೂಚಿಸಿದ್ದ ತನ್ನ ಮಿತಿಯನ್ನು 2021ರಲ್ಲಿ 5ಕ್ಕೆ ಇಳಿಸಿತು. ಹೈದರಾಬಾದಿನ ಗಾಳಿ ದೆಹಲಿಯಷ್ಟು ಕೆಟ್ಟಿಲ್ಲವೆಂಬುದು ನಿಜ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯೊಡನೆ ಹೋಲಿಸಿದರೆ ಹಲವು ಪಟ್ಟು ಹೆಚ್ಚೇ ಆಗಿದೆ. ನಗರದ ದಕ್ಷಿಣಕ್ಕಿರುವ 28 ಹಳ್ಳಿಗಳಲ್ಲಿ ನಡೆದ ಒಂದು ಅಧ್ಯಯನದಲ್ಲಿ ಈ ಸರಾಸರಿ ಸುಮಾರು 33 ಮೈಕ್ರೊಗ್ರಾಂ ಎಂದು ಕಂಡುಬಂದಿತು. ಹಳ್ಳಿಗಳೇ ಹೀಗಿರುವಾಗ ವಾಹನಗಳು ತುಂಬಿದ ಅಮೀರ್‌ಪೇಟೆ, ಪಂಜಾಗುಟ್ಟಗಳ ಸ್ಥಿತಿಯನ್ನು ಊಹಿಸಬಹುದು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ವಾಯು ಕಾರ್ಯಕ್ರಮದಲ್ಲಿ, ಮಾನದಂಡವನ್ನು ಮುಟ್ಟದ ನಗರಗಳ ಪಟ್ಟಿಗೆ ಹೈದರಾಬಾದನ್ನು ಸೇರಿಸಲಾಯಿತು.

ಎರಡು ಜೀವಗಳಿಗೆ ಒಂದೇ ಉಸಿರು

ಬಸುರಿಯಲ್ಲಿ ಉಸಿರಾಟದ ಕ್ರಮವೇ ಬದಲಾಗುತ್ತದೆ. ಗರ್ಭ ನಿಂತ ಕೆಲವೇ ವಾರಗಳಲ್ಲಿ ಪ್ರೊಜೆಸ್ಟಿರಾನ್ ಎಂಬ ಹಾರ್ಮೋನಿನ ಪ್ರಭಾವದಿಂದ ಆಕೆ ಆಳವಾಗಿ ಉಸಿರೆಳೆಯತೊಡಗುತ್ತಾಳೆ. ಒಂದು ನಿಮಿಷದಲ್ಲಿ ಶ್ವಾಸಕೋಶದೊಳಗೆ ಹೋಗಿಬರುವ ಗಾಳಿಯ ಪ್ರಮಾಣ ನೂರಕ್ಕೆ 30ರಿಂದ 50ರಷ್ಟು ಹೆಚ್ಚುತ್ತದೆ. ತನಗೂ ಶಿಶುವಿಗೂ ಬೇಕಾದ ಆಮ್ಲಜನಕವನ್ನು ಒದಗಿಸುವುದಕ್ಕೆ ಪ್ರಕೃತಿ ಮಾಡಿಕೊಂಡ ಏರ್ಪಾಡು ಇದು. ಗಾಳಿ ಶುದ್ಧವಾಗಿದ್ದರೆ ಇದರಿಂದ ಲಾಭವೇ. ಗಾಳಿ ಕೆಟ್ಟಿದ್ದರೆ, ಅದೇ ಬಸ್ ನಿಲ್ದಾಣದಲ್ಲಿ ಅಷ್ಟೇ ಹೊತ್ತು ನಿಂತ ಇತರರಿಗಿಂತ ಗರ್ಭಿಣಿ ಹೆಚ್ಚು ಕಲ್ಮಷವನ್ನು ಒಳಗೆಳೆದುಕೊಳ್ಳುತ್ತಾಳೆ.

ಗರ್ಭಸ್ಥ ಶಿಶುವಿಗೆ ಸ್ವತಂತ್ರವಾದ ಉಸಿರಿಲ್ಲ. ಅದಕ್ಕೆ ಶ್ವಾಸಕೋಶವೂ ಅನ್ನಕೋಶವೂ ಆಗಿ ಕೆಲಸ ಮಾಡುವುದು ಮಾಸು; ಜನರ ಮಾತಿನಲ್ಲಿ ಕಸ. ತಾಯಿಯ ರಕ್ತ ಒಂದು ಕಡೆ, ಶಿಶುವಿನ ರಕ್ತ ಇನ್ನೊಂದು ಕಡೆ ಹರಿಯುತ್ತಿರಲು, ನಡುವಣ ತೆಳುವಾದ ಪೊರೆಯ ಮೂಲಕ ಆಮ್ಲಜನಕ ಮತ್ತು ಆಹಾರಾಂಶಗಳು ಶಿಶುವನ್ನು ಸೇರುತ್ತವೆ. ಬಹುಕಾಲದವರೆಗೆ ಈ ಮಾಸನ್ನು ಭದ್ರವಾದ ಕೋಟೆಯೆಂದೇ ವೈದ್ಯರು ಭಾವಿಸಿದ್ದರು. ಆ ನಂಬಿಕೆಯನ್ನು ಮೊದಲು ಅಲುಗಿಸಿದ ಸಂಗತಿಗಳಲ್ಲಿ ಧೂಮಪಾನವೂ ಒಂದು. ಸಿಗರೇಟು ಸೇದುವ ತಾಯಂದಿರ ಶಿಶುಗಳು ಕಡಿಮೆ ತೂಕದಿಂದ ಹುಟ್ಟುವುದು ಹೆಚ್ಚೆಂದು 1957ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಿಂದ ವರದಿಯಾಯಿತು. ತಾಯಿಯು ಸೇದಿದ ಹೊಗೆ ಶಿಶುವಿಗೆ ಕೇಡಾಗುವುದಾದರೆ, ಬೀದಿಯ ಹೊಗೆಯೂ ಒಲೆಯ ಹೊಗೆಯೂ ಏಕೆ ಆಗಬಾರದೆಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು.

ಇದಕ್ಕೆ ಕಣ್ಣಾರೆ ಕಾಣುವಂತಹ ಉತ್ತರ ದೊರೆತುದು ತೀರ ಈಚೆಗೆ. ಬೆಲ್ಜಿಯಮ್ ದೇಶದ ಹಾಸೆಲ್ಟ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಮಾಸಿನಲ್ಲಿ, ಅದೂ ಶಿಶುವಿನ ಕಡೆಯ ಪಕ್ಕದಲ್ಲಿ, ಹೊಗೆಯ ಕಪ್ಪು ಇಂಗಾಲದ ಕಣಗಳನ್ನು ಗುರುತಿಸಿ 2019ರಲ್ಲಿ ಪ್ರಕಟಿಸಿದರು. ಅವರೂ ಸ್ಕಾಟ್ಲೆಂಡಿನ ಅಬರ್ಡೀನ್ ವಿಶ್ವವಿದ್ಯಾಲಯದವರೂ ಕೂಡಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಭ್ರೂಣದ ಶ್ವಾಸಕೋಶ, ಯಕೃತ್ತು ಮತ್ತು ಮಿದುಳಿನಲ್ಲಿಯೂ ಇಂತಹ ಕಣಗಳು ಕಂಡುಬಂದವು. ಪರೀಕ್ಷಿಸಿದ ಭ್ರೂಣಗಳು 20 ವಾರಗಳನ್ನು ಮೀರಿದವಲ್ಲ. ಅಂದರೆ ಸೀಮಂತದ ದಿನಕ್ಕೆ ಬಹು ಮುಂಚೆಯೇ ಬೀದಿಯ ಮಸಿ ಗರ್ಭವನ್ನು ಸೇರಬಲ್ಲದು.

ಇಂಗಾಲದ ಮಾನಾಕ್ಸೈಡಿನ ಕೇಡು ಬೇರೆ ಬಗೆಯದು. ಬಣ್ಣವಾಗಲಿ ವಾಸನೆಯಾಗಲಿ ಇಲ್ಲದ ಈ ಅನಿಲವು ರಕ್ತದ ಹೀಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಅದು ಕುಳಿತ ಜಾಗದಲ್ಲಿ ಆಮ್ಲಜನಕಕ್ಕೆ ಎಡೆಯಿಲ್ಲ. ಶಿಶುವಿನ ರಕ್ತದಲ್ಲಿ ಅದು ತಾಯಿಯ ರಕ್ತದಲ್ಲಿರುವುದಕ್ಕಿಂತ ಹೆಚ್ಚಾಗಿ ಸಂಗ್ರಹವಾಗುತ್ತದೆ, ಹೊರಹೋಗುವುದೂ ನಿಧಾನ. ಮುಚ್ಚಿದ ಕೋಣೆಯ ಇದ್ದಿಲ ಕೆಂಡ ಇದರ ಮುಖ್ಯ ಮೂಲ. ಈ ವಿಷಯವನ್ನು ಬಾಣಂತನದ ಪ್ರಸ್ತಾಪದಲ್ಲಿ ಮತ್ತೆ ನೋಡೋಣ.

ಸಂಭವಿಸಬಹುದಾದ ಅಪಾಯಗಳು

ದೀರ್ಘಕಾಲ ಕಲುಷಿತ ಗಾಳಿಯನ್ನು ಸೇವಿಸಿದ ಗರ್ಭಿಣಿಯರಲ್ಲಿ ಮುಖ್ಯವಾಗಿ ನಾಲ್ಕು ತೊಂದರೆಗಳು ಹೆಚ್ಚಾಗಿ ಕಂಡುಬಂದಿವೆ.

ಮೊದಲನೆಯದು, ಕಡಿಮೆ ತೂಕದ ಶಿಶುವಿನ ಜನನ. ಹುಟ್ಟಿದಾಗ ಎರಡೂವರೆ ಕಿಲೋಗ್ರಾಂಗಿಂತ ಕಡಿಮೆ ತೂಗುವ ಮಗುವನ್ನು ಕಡಿಮೆ ತೂಕದ್ದೆಂದು ಗಣಿಸುತ್ತಾರೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ತೂಕ ದಾಖಲಾದ ಶಿಶುಗಳ ಪೈಕಿ ನೂರಕ್ಕೆ ಸುಮಾರು 18 ಇಂತಹವು. ಎರಡನೆಯದು, ಅಕಾಲ ಪ್ರಸವ, ಅಂದರೆ 37 ವಾರಗಳು ತುಂಬುವ ಮೊದಲೇ ಆಗುವ ಹೆರಿಗೆ. ಮೂರನೆಯದು, ಗರ್ಭದಲ್ಲಿಯೇ ಶಿಶುವಿನ ಮರಣ. ನಾಲ್ಕನೆಯದು ತಾಯಿಗೇ ಸಂಬಂಧಿಸಿದ್ದು. ಬಸುರಿನ ಕಾಲದಲ್ಲಿ ತಲೆದೋರುವ ಅಧಿಕ ರಕ್ತದೊತ್ತಡ ಮತ್ತು ಅದು ಉಲ್ಬಣಿಸಿ ಆಗುವ ಗರ್ಭನಂಜು. ಸೂಕ್ಷ್ಮ ಕಣಗಳು ದೇಹದಲ್ಲಿ ಉರಿಯೂತವನ್ನು ಕೆರಳಿಸಿ, ಮಾಸಿನ ರಕ್ತನಾಳಗಳ ಬೆಳವಣಿಗೆಗೆ ಅಡ್ಡಿಯಾಗಿ, ಶಿಶುವಿಗೆ ಹರಿಯುವ ರಕ್ತವನ್ನು ತಗ್ಗಿಸುತ್ತವೆಂಬುದು ಇವಕ್ಕೆಲ್ಲ ವಿಜ್ಞಾನಿಗಳು ನೀಡುವ ಮುಖ್ಯ ವಿವರಣೆ.

ಈ ಅಪಾಯದ ಪ್ರಮಾಣವೆಷ್ಟು? ಚೆನ್ನೈಯ ಶ್ರೀ ರಾಮಚಂದ್ರ ವಿದ್ಯಾಸಂಸ್ಥೆಯ ಸಂಶೋಧಕರು ತಮಿಳುನಾಡಿನ 1285 ಮಂದಿ ಗರ್ಭಿಣಿಯರನ್ನು ಅನುಸರಿಸಿ 2018ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಗಾಳಿಯಲ್ಲಿ ಸೂಕ್ಷ್ಮ ಕಣಗಳು 10 ಮೈಕ್ರೊಗ್ರಾಂ ಹೆಚ್ಚಿದಂತೆಲ್ಲ ಶಿಶುವಿನ ತೂಕ ಸರಾಸರಿ 4 ಗ್ರಾಂ ಇಳಿಯಿತು. ಕಡಿಮೆ ತೂಕದ ಶಿಶುಗಳ ಪ್ರಮಾಣ ನೂರಕ್ಕೆ 2ರಷ್ಟು ಏರಿತು. ನಾಲ್ಕು ಗ್ರಾಂ ಎಂದರೆ ಏನು ಮಹಾ ಎಂದು ಯಾರಾದರೂ ಕೇಳಬಹುದು. ಒಬ್ಬ ತಾಯಿಯ ಮಟ್ಟಿಗೆ ಅದು ಅಲ್ಪವೇ. ಹೈದರಾಬಾದಿನಲ್ಲಿ ವಾಸಿಸುವ ಗರ್ಭಿಣಿಯರಲ್ಲಿ ಬಹುಪಾಲು ಮಂದಿ ತುಂಬು ದಿನಗಳ ಆರೋಗ್ಯವಂತ ಮಕ್ಕಳನ್ನೇ ಹಡೆಯುತ್ತಾರೆ. ಯಾರೂ ಹೆದರಿ ಕಂಗೆಡಬೇಕಾದ ಕಾರಣವಿಲ್ಲ. ಆದರೆ ಒಂದು ಮಹಾನಗರದ ಸಾವಿರಾರು ಗರ್ಭಿಣಿಯರು ಏಕಕಾಲದಲ್ಲಿ ಅದೇ ಗಾಳಿಯನ್ನು ಉಸಿರಾಡುವಾಗ, ಎರಡೂವರೆ ಕಿಲೋಗ್ರಾಮಿನ ಅಂಚಿನಲ್ಲಿರುವ ಎಷ್ಟೋ ಶಿಶುಗಳು ಆ ಗೆರೆಯಿಂದ ಕೆಳಗೆ ಜಾರುತ್ತವೆ. 2019ರ ಒಂದೇ ವರ್ಷದಲ್ಲಿ ಹುಟ್ಟಿದ ಮೊದಲ ತಿಂಗಳೊಳಗೆ ವಾಯುಮಾಲಿನ್ಯದ ಪರಿಣಾಮದಿಂದ ಜಗತ್ತಿನಲ್ಲಿ ಸುಮಾರು ಐದು ಲಕ್ಷ ಶಿಶುಗಳೂ, ಭಾರತದಲ್ಲಿ ಒಂದು ಲಕ್ಷಕ್ಕೂ ಮೀರಿದ ಶಿಶುಗಳೂ ಮೃತಪಟ್ಟವೆಂದು ಜಾಗತಿಕ ವಾಯು ಸ್ಥಿತಿಯ ವರದಿಯು ಅಂದಾಜು ಮಾಡಿದೆ. ಇವುಗಳಲ್ಲಿ ಹೆಚ್ಚಿನವು ಕಡಿಮೆ ತೂಕದಿಂದ ಅಥವಾ ಅಕಾಲದಲ್ಲಿ ಹುಟ್ಟಿದವು.

ರಕ್ತಹೀನತೆಯಿರುವ ತಾಯಿಗೆ ಈ ಅಪಾಯ ಇನ್ನೂ ಹೆಚ್ಚಿನ ಕಳವಳದ ಸಂಗತಿ. ಆಕೆಯಲ್ಲಿ ಆಮ್ಲಜನಕವನ್ನು ಹೊರುವ ಹೀಮೋಗ್ಲೋಬಿನ್ನೇ ಕಡಿಮೆ. ಇದ್ದುದರಲ್ಲಿಯೂ ಒಂದು ಪಾಲನ್ನು ಹೊಗೆ ಕಸಿದುಕೊಂಡರೆ ಶಿಶುವಿಗೆ ಉಳಿಯುವುದೆಷ್ಟು? ಮೇಲೆ ಹೇಳಿದ ಸಮೀಕ್ಷೆಯಲ್ಲಿಯೇ ದೇಶದ ಗರ್ಭಿಣಿಯರ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆ ಇದ್ದುದು ಕಂಡುಬಂದಿದೆ.

ಮೈಸೂರಿನ ಹಳೆಯ ದಾಖಲೆಗಳು ಹೇಳುವುದೇನು?

ಹುಟ್ಟುವಾಗಿನ ತೂಕ ಮುಂದೆ ಕೂಡಿಕೊಳ್ಳುತ್ತದೆ, ಮಗು ಬೆಳೆದರೆ ಎಲ್ಲವೂ ಸರಿಹೋಗುತ್ತದೆ ಎಂಬ ಭಾವನೆ ಅನೇಕ ಮನೆಗಳಲ್ಲಿದೆ. ಇದು ಪೂರ್ಣ ಸತ್ಯವಲ್ಲವೆಂಬುದಕ್ಕೆ ಕನ್ನಡ ನಾಡಿನಲ್ಲಿಯೇ ಸಾಕ್ಷ್ಯವಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಶಿಶುಗಳ ತೂಕ, ಉದ್ದ ಮತ್ತು ತಲೆಯ ಸುತ್ತಳತೆಯನ್ನು ಬರೆದಿಡಲಾಗಿತ್ತು. ಆ ದಾಖಲೆಗಳ ಆಧಾರದಿಂದ, 1934 ಮತ್ತು 1954ರ ನಡುವೆ ಅಲ್ಲಿ ಹುಟ್ಟಿದ 517 ಮಂದಿ ಸ್ತ್ರೀಪುರುಷರನ್ನು ಸಂಶೋಧಕರು ಪರೀಕ್ಷಿಸಿ 1996ರಲ್ಲಿ ವರದಿ ನೀಡಿದರು. ಅವರಲ್ಲಿ, ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದವರ ಪೈಕಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳಗಳ ಕಾಯಿಲೆಯಿತ್ತು. ಮೂರು ಕಿಲೋ ಮೀರಿ ಚೆನ್ನಾಗಿ ತೂಗಿದವರಲ್ಲಿ ನೂರಕ್ಕೆ 3 ಮಂದಿಗೆ ಮಾತ್ರ.

ಆ ಕಾಲದ ಮೈಸೂರಿನ ಶಿಶುಗಳ ತೂಕ ತಗ್ಗಲು ಕಾರಣ ವಾಯುಮಾಲಿನ್ಯವೆಂದು ಇಲ್ಲಿ ಹೇಳುತ್ತಿಲ್ಲ. ತಾಯಿಯ ಪೋಷಣೆ ಮೊದಲಾದ ಕಾರಣಗಳು ಅನೇಕ. ಇಲ್ಲಿ ಗ್ರಹಿಸಬೇಕಾದುದು ಇಷ್ಟೇ: ಕಾರಣ ಯಾವುದೇ ಇರಲಿ, ಗರ್ಭದಲ್ಲಿ ಬೆಳವಣಿಗೆ ಕುಂದಿದರೆ ಅದರ ಗುರುತು ಅರ್ಧ ಶತಮಾನದ ಅನಂತರವೂ ಹೃದಯದಲ್ಲಿ ಉಳಿದಿರಬಹುದು. ಗರ್ಭಿಣಿಯ ಗಾಳಿಯನ್ನು ಕಾಪಾಡುವುದೆಂದರೆ ಮುಂದೊಂದು ದಿನ ತಂದೆಯೋ ತಾಯಿಯೋ ಆಗಲಿರುವ ಒಬ್ಬ ವ್ಯಕ್ತಿಯ ಆರೋಗ್ಯವನ್ನು ಕಾಪಾಡುವುದು.

ಗಾಳಿ ತಿಳಿಯಾದರೆ ಫಲವುಂಟೆ?

ಖಂಡಿತವಾಗಿ ಉಂಟು. 2008ರ ಒಲಿಂಪಿಕ್ ಕ್ರೀಡೆಗಳ ನಿಮಿತ್ತ ಚೀನಾ ಸರ್ಕಾರವು ಬೀಜಿಂಗ್ ನಗರದಲ್ಲಿ ಕಾರ್ಖಾನೆಗಳನ್ನೂ ವಾಹನ ಸಂಚಾರವನ್ನೂ ಕೆಲವು ವಾರಗಳ ಕಾಲ ನಿರ್ಬಂಧಿಸಿತು. ಆ ಅವಧಿಯಲ್ಲಿ ಎಂಟನೆಯ ತಿಂಗಳು ನಡೆಯುತ್ತಿದ್ದ ತಾಯಂದಿರ ಶಿಶುಗಳು, ಹಿಂದಿನ ಮತ್ತು ಮುಂದಿನ ವರ್ಷಗಳ ಅದೇ ದಿನಗಳಲ್ಲಿ ಗರ್ಭದಲ್ಲಿದ್ದ ಶಿಶುಗಳಿಗಿಂತ ಸರಾಸರಿ 23 ಗ್ರಾಂ ಹೆಚ್ಚು ತೂಗಿದವು. ಅಮೆರಿಕದ ನ್ಯೂಜೆರ್ಸಿ ಮತ್ತು ಪೆನ್ಸಿಲ್ವೇನಿಯ ಪ್ರಾಂತಗಳಲ್ಲಿ ಹೆದ್ದಾರಿಯ ಸುಂಕದ ಕಟ್ಟೆಗಳಲ್ಲಿ ವಾಹನಗಳು ನಿಲ್ಲದೆ ಸಾಗುವಂತೆ ವಿದ್ಯುನ್ಮಾನ ವ್ಯವಸ್ಥೆ ಬಂದಾಗಲೂ ಹೀಗೆಯೇ ಆಯಿತು. ಕಟ್ಟೆಯಿಂದ ಎರಡು ಕಿಲೋಮೀಟರ್ ಒಳಗೆ ವಾಸಿಸುವ ತಾಯಂದಿರಲ್ಲಿ, ಅದಕ್ಕಿಂತ ದೂರದಲ್ಲಿದ್ದವರೊಡನೆ ಹೋಲಿಸಿದಾಗ, ಅಕಾಲ ಪ್ರಸವಗಳು ನೂರಕ್ಕೆ ಸುಮಾರು 11ರಷ್ಟು, ಕಡಿಮೆ ತೂಕದ ಜನನಗಳು ಸುಮಾರು 12ರಷ್ಟು ತಗ್ಗಿದವೆಂದು 2011ರಲ್ಲಿ ಪ್ರಕಟವಾಯಿತು. ಅಲ್ಲಿ ಯಾರೂ ಮನೆ ಬದಲಾಯಿಸಲಿಲ್ಲ, ಔಷಧ ಸೇವಿಸಲಿಲ್ಲ. ಸಾಲುಗಟ್ಟಿ ಹೊಗೆ ಉಗುಳುತ್ತಿದ್ದ ವಾಹನಗಳು ಮುಂದೆ ಸಾಗಿದವು, ಅಷ್ಟೆ.

ಮನೆಯೊಳಗಣ ಹೊಗೆ

ಬೀದಿಯ ಗಾಳಿ ಒಬ್ಬರ ಕೈಯಲ್ಲಿಲ್ಲ. ಮನೆಯ ಗಾಳಿ ಬಹುಮಟ್ಟಿಗೆ ಮನೆಯವರ ಕೈಯಲ್ಲಿದೆ. ಸೌದೆ, ಬೆರಣಿ, ಇದ್ದಿಲುಗಳ ಒಲೆ ನಗರದ ಮನೆಗಳಲ್ಲಿ ಈಗ ವಿರಳ. ಆದರೆ ಅಡಿಗೆ ಅನಿಲದ ಒಲೆಯ ಮೇಲೂ ಒಗ್ಗರಣೆಯ ಮತ್ತು ಕರಿಯುವ ಎಣ್ಣೆಯ ಹೊಗೆ ಏಳುತ್ತದೆ. ಕಿಟಕಿಯಿಲ್ಲದ ಕಿರಿದಾದ ಅಡಿಗೆಮನೆಯಲ್ಲಿ ಅದು ಗಂಟೆಗಟ್ಟಲೆ ಸುಳಿಯುತ್ತಿರುತ್ತದೆ. ಊದುಬತ್ತಿ, ಸಾಂಬ್ರಾಣಿ, ಲೋಭಾನಗಳ ಹೊಗೆ ಸುವಾಸನೆಯದಾದರೂ ಹೊಗೆಯೇ. ಸೊಳ್ಳೆಬತ್ತಿಯ ವಿಷಯವಂತೂ ಹೆಚ್ಚಿನವರಿಗೆ ತಿಳಿಯದು. ಒಂದು ಸುರುಳಿ ಪೂರ್ತಿಯಾಗಿ ಉರಿದರೆ ಹೊರಬೀಳುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟುಗಳು ಉಗುಳುವಷ್ಟಿರುತ್ತವೆಂದು 2003ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು. ಬಾಗಿಲು ಕಿಟಕಿಗಳನ್ನು ಮುಚ್ಚಿ, ಗರ್ಭಿಣಿಯ ಮಂಚದ ಪಕ್ಕದಲ್ಲಿ ರಾತ್ರಿಯೆಲ್ಲ ಅದನ್ನು ಉರಿಸುವ ಮನೆಗಳು ಎಷ್ಟಿಲ್ಲ!

ಹೊಗೆಯನ್ನು ತಪ್ಪಿಸುವ ಕೆಲಸ ಯಾವಾಗ ಆರಂಭವಾಗಬೇಕು? ಈ ಪ್ರಶ್ನೆಗೆ ಸಂಬಂಧಿಸಿದಂತೆ ತಮಿಳುನಾಡು, ಗ್ವಾಟೆಮಾಲ, ಪೆರು ಮತ್ತು ರುವಾಂಡಗಳಲ್ಲಿ ನಡೆದ ಪ್ರಯೋಗವೊಂದು ಗಮನಾರ್ಹ. ಸೌದೆಯ ಒಲೆ ಬಳಸುತ್ತಿದ್ದ ಸುಮಾರು 3200 ಗರ್ಭಿಣಿಯರ ಪೈಕಿ ಅರ್ಧದಷ್ಟು ಮಂದಿಗೆ ಅಡಿಗೆ ಅನಿಲವನ್ನೂ ಒಲೆಯನ್ನೂ ಉಚಿತವಾಗಿ ಒದಗಿಸಲಾಯಿತು. ಅವರು ಉಸಿರಾಡುವ ಸೂಕ್ಷ್ಮ ಕಣಗಳ ಪ್ರಮಾಣ ಸುಮಾರು 70 ಮೈಕ್ರೊಗ್ರಾಂನಿಂದ 24ಕ್ಕೆ ಇಳಿಯಿತು. ಆದರೂ 2022ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಎರಡು ಗುಂಪಿನ ಶಿಶುಗಳ ತೂಕದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಈ ತಾಯಂದಿರು ಪ್ರಯೋಗಕ್ಕೆ ಸೇರಿದುದು ಬಸುರಿನ 9ರಿಂದ 20ನೆಯ ವಾರಗಳ ನಡುವೆ. ಮಾಸು ಬೇರೂರುವ ಮೊದಲ ವಾರಗಳು ಅವರಿಗೆ ಹಳೆಯ ಹೊಗೆಯಲ್ಲಿಯೇ ಕಳೆದಿದ್ದವು. ಆರಂಭ ತಡವಾದುದು ಇದಕ್ಕೆ ಒಂದು ಕಾರಣವಿರಬಹುದು. ಒಲೆ ಬದಲಾದರೂ ಸುತ್ತಲಿನ ಗಾಳಿ ಬದಲಾಗದಿದ್ದುದು ಇನ್ನೊಂದಿರಬಹುದು. ಹೊಗೆಯಿಲ್ಲದ ಒಲೆ ವ್ಯರ್ಥವೆಂದು ಇದರಿಂದ ತಿಳಿಯಬಾರದು. ಮದುವೆಯಾದ ಹೊಸ ದಂಪತಿಗಳ ಮನೆ ಮೊದಲಿನಿಂದಲೇ ಹೊಗೆಯಿಲ್ಲದಿರಲಿ ಎಂಬುದೇ ಇದರಿಂದ ಕಲಿಯಬೇಕಾದ ಪಾಠ.

ಮನೆಯವರು ಪಾಲಿಸಬೇಕಾದ ಕ್ರಮಗಳು

1. ಮಗುವನ್ನು ಬಯಸುವ ದಂಪತಿಗಳು ಗರ್ಭ ನಿಲ್ಲುವ ಮೊದಲೇ ಮನೆಯೊಳಗೆ ಬೀಡಿ, ಸಿಗರೇಟುಗಳನ್ನು ನಿಷೇಧಿಸಬೇಕು. ಬಾಲ್ಕನಿಯಲ್ಲಿ ಸೇದಿದ ಹೊಗೆಯೂ ಒಳಗೆ ಬರುತ್ತದೆ. ಗಂಡನು ಸಿಗರೇಟನ್ನು ಪೂರ್ಣವಾಗಿ ಬಿಡುವುದೇ ಹೆಂಡತಿಗೂ ಹುಟ್ಟುವ ಮಗುವಿಗೂ ಆತನು ಕೊಡಬಹುದಾದ ಮೊದಲ ಉಡುಗೊರೆ.

2. ಸೊಳ್ಳೆಬತ್ತಿಗೆ ಬದಲು ಸೊಳ್ಳೆಪರದೆಯನ್ನೂ ಕಿಟಕಿಗೆ ಜಾಲರಿಯನ್ನೂ ಬಳಸಬೇಕು. ಮಲೇರಿಯ, ಡೆಂಗೆ ಜ್ವರಗಳು ಗರ್ಭಿಣಿಗೆ ಅಪಾಯಕಾರಿಯಾದುದರಿಂದ ಸೊಳ್ಳೆಯ ತಡೆಯನ್ನು ಮಾತ್ರ ಬಿಡಬಾರದು.

3. ದೇವರ ಮುಂದೆ ಎಣ್ಣೆಯ ದೀಪ ಮತ್ತು ಹೂವುಗಳೇ ಸಾಕು. ಊದುಬತ್ತಿ ಬೇಕೇಬೇಕೆಂದಾದರೆ ಒಂದನ್ನು ಹಚ್ಚಿ, ಕಿಟಕಿ ತೆರೆದಿಟ್ಟು, ಗರ್ಭಿಣಿ ಬೇರೆ ಕೋಣೆಯಲ್ಲಿರುವಂತೆ ನೋಡಿಕೊಳ್ಳಬೇಕು.

4. ಅಡಿಗೆ ಮಾಡುವಾಗ ಹೊಗೆ ಹೊರದೂಡುವ ಫ್ಯಾನನ್ನು ನಡೆಸಬೇಕು. ಇಲ್ಲದಿದ್ದರೆ ಕಿಟಕಿ ತೆರೆದಿರಬೇಕು. ಒಗ್ಗರಣೆ ಮತ್ತು ಕರಿಯುವ ಕೆಲಸಗಳನ್ನು ಮನೆಯ ಇತರರು ವಹಿಸಿಕೊಳ್ಳುವುದು ಲೇಸು.

5. ಮುಖ್ಯರಸ್ತೆಗೆ ತೆರೆದ ಕಿಟಕಿಗಳನ್ನು ವಾಹನಗಳು ದಟ್ಟವಾಗಿರುವ ಬೆಳಗಿನ ಮತ್ತು ಸಂಜೆಯ ಹೊತ್ತಿನಲ್ಲಿ ಮುಚ್ಚಿ, ಮಧ್ಯಾಹ್ನ ತೆರೆಯಬೇಕು. ಪೊರಕೆಯಿಂದ ದೂಳೆಬ್ಬಿಸುವ ಬದಲು ಒದ್ದೆ ಬಟ್ಟೆಯಿಂದ ನೆಲ ಒರೆಸಬೇಕು.

6. ನಡಿಗೆಯನ್ನು ನಿಲ್ಲಿಸಬಾರದು, ಅದು ಗರ್ಭಿಣಿಗೆ ಅವಶ್ಯಕ. ಆದರೆ ರಸ್ತೆಯ ಅಂಚನ್ನು ಬಿಟ್ಟು ಉದ್ಯಾನದೊಳಗೆ ಅಥವಾ ಒಳಬೀದಿಗಳಲ್ಲಿ ನಡೆಯಬೇಕು. ಚಳಿಗಾಲದಲ್ಲಿ ಬಿಸಿಲೇರಿದ ಮೇಲೆ, ಬೇಸಿಗೆಯಲ್ಲಿ ಬೆಳಿಗ್ಗೆ ನಡೆಯುವುದು ಉಚಿತ.

7. ಉದ್ಯೋಗಸ್ಥ ಸ್ತ್ರೀಯರು ಆಟೋರಿಕ್ಷಾ ಮತ್ತು ದ್ವಿಚಕ್ರ ವಾಹನಗಳಿಗಿಂತ, ಸಾಧ್ಯವಿರುವ ಕಡೆ, ಮೆಟ್ರೋ ರೈಲಿನಲ್ಲಿ ಪ್ರಯಾಣ ಮಾಡುವುದು ಮೇಲು. ಕಚೇರಿಗೆ ತುಸು ಮುಂಚೆ ಹೋಗಿ ತುಸು ಮುಂಚೆ ಬರುವ ಅನುಕೂಲವನ್ನು ಮೇಲಧಿಕಾರಿಗಳಲ್ಲಿ ಕೇಳಲು ಸಂಕೋಚಪಡಬೇಕಾಗಿಲ್ಲ.

8. ಸೀರೆಯ ಸೆರಗಾಗಲಿ ಕರವಸ್ತ್ರವಾಗಲಿ ಸೂಕ್ಷ್ಮ ಕಣಗಳನ್ನು ತಡೆಯಲಾರದು. ಹೊಗೆಯ ಜಾಗದಲ್ಲಿ ಹೋಗಲೇಬೇಕಾದಾಗ ಮುಖಕ್ಕೆ ಸರಿಯಾಗಿ ಹೊಂದುವ ಎನ್-95 ಮುಖಗವಸನ್ನು ಸ್ವಲ್ಪ ಹೊತ್ತು ಧರಿಸಬಹುದು. ಉಸಿರು ಕಟ್ಟಿದಂತೆನಿಸಿದರೆ ತೆಗೆಯಬೇಕು.

9. ಸನತ್‌ನಗರ, ಪ್ರಾಣಿಸಂಗ್ರಹಾಲಯ, ಕೇಂದ್ರೀಯ ವಿಶ್ವವಿದ್ಯಾಲಯ ಮೊದಲಾದ ಕಡೆಗಳಲ್ಲಿ ಗಾಳಿಯ ಗುಣವನ್ನು ಅಳೆಯುವ ಕೇಂದ್ರಗಳಿವೆ. ಅವು ಪ್ರಕಟಿಸುವ ಸೂಚ್ಯಂಕ 200ನ್ನು ಮೀರಿದ ದಿನ, ದೀಪಾವಳಿಯ ಪಟಾಕಿಯ ರಾತ್ರಿಗಳಲ್ಲಿ ವಿಶೇಷವಾಗಿ, ಗರ್ಭಿಣಿ ಮನೆಯೊಳಗೇ ಇರುವುದು ಕ್ಷೇಮ.

10. ವೈದ್ಯರು ಕೊಟ್ಟ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆಗಳನ್ನು ತಪ್ಪದೆ ಸೇವಿಸಬೇಕು. ಆಸ್ತಮಾ ಇರುವವರು ಬಸುರಿನ ಭಯದಿಂದ ತಾವಾಗಿಯೇ ಔಷಧವನ್ನು ನಿಲ್ಲಿಸಬಾರದು. ನಿಲ್ಲಿಸಿದಾಗ ಆಗುವ ಉಬ್ಬಸವೇ ಶಿಶುವಿಗೆ ಹೆಚ್ಚು ಕೇಡು. ವಿಪರೀತ ಏದುಸಿರು, ತಲೆನೋವಿನೊಡನೆ ಕಣ್ಣು ಮಂಜಾಗುವುದು, ಮುಖ ಊದಿಕೊಳ್ಳುವುದು, ಶಿಶುವಿನ ಅಲುಗಾಟ ತಗ್ಗುವುದು, ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ತವರುಮನೆ ಮತ್ತು ಬಾಣಂತಿಯ ಕೋಣೆ

ತವರಿನ ಗಾಳಿ ಸದಾ ಶುದ್ಧವೆಂದು ತಿಳಿಯುವುದೂ ತಪ್ಪು. ಶುದ್ಧ ವಾಯು ಕಾರ್ಯಕ್ರಮದ ಅದೇ ಪಟ್ಟಿಯಲ್ಲಿ ಕಲಬುರಗಿಯ ಹೆಸರೂ ಹುಬ್ಬಳ್ಳಿ-ಧಾರವಾಡದ ಹೆಸರೂ ಇವೆ. ವಾಡಿ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳಿವೆ. ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲ ವಿದ್ಯುತ್ ಕೇಂದ್ರವಿದೆ. ಹಳ್ಳಿಯ ತವರಾದರೆ ನೀರೊಲೆಗೆ ಸೌದೆ ಉರಿಯುತ್ತಿರುತ್ತದೆ. ಮಗಳು ಬರುವ ಮೊದಲು ಆಕೆ ಮಲಗುವ ಕೋಣೆಗೆ ಈ ಹೊಗೆ ನುಗ್ಗದಂತೆ ಏರ್ಪಾಡು ಮಾಡುವುದು ಕುಬಸದ ಸಿದ್ಧತೆಯ ಒಂದು ಭಾಗವಾಗಬೇಕು.

ಹೆರಿಗೆಯ ಅನಂತರ ಕತ್ತಲೆಯ ಕೋಣೆಯಲ್ಲಿ ಬಾಗಿಲು ಕಿಟಕಿಗಳನ್ನು ಮುಚ್ಚಿ, ಮಂಚದ ಕೆಳಗೆ ಕೆಂಡವಿಟ್ಟು ಬಾಣಂತಿಗೆ ಕಾಸುವುದು, ಎರೆದ ಮೇಲೆ ಕೂಸಿಗೆ ಸಾಂಬ್ರಾಣಿಯ ಹೊಗೆ ಹಾಕುವುದು ಹಿರಿಯರು ಪ್ರೀತಿಯಿಂದಲೇ ಮಾಡುವ ಉಪಚಾರ. ಆದರೆ ಮುಚ್ಚಿದ ಕೋಣೆಯ ಕೆಂಡದಿಂದ ಹೊರಡುವ ಇಂಗಾಲದ ಮಾನಾಕ್ಸೈಡ್ ಪ್ರಾಣವನ್ನೇ ತೆಗೆಯಬಲ್ಲದು. ಕೂಸಿನ ಗಾಳಿಗೂಡುಗಳು ಹುಟ್ಟಿದ ಮೇಲೂ ಕೆಲವು ವರ್ಷಗಳ ಕಾಲ ಬೆಳೆಯುತ್ತಲೇ ಇರುತ್ತವೆ. ಅವಕ್ಕೆ ಹೊಗೆ ಶತ್ರು. ಬಾಣಂತಿಗೆ ಬೇಕಾದುದು ಬೆಚ್ಚನೆ, ಹೊಗೆಯಲ್ಲ. ಬಿಸಿನೀರಿನ ಸ್ನಾನ, ಉಣ್ಣೆಯ ಹೊದಿಕೆ, ಒಣಗಿದ ಬಟ್ಟೆ, ತಾಯಿಯ ಮಡಿಲಿನ ಶಾಖ, ಇವುಗಳಿಂದ ಅದು ದೊರೆಯುತ್ತದೆ.

ಸಮಾಜದ ಹೊಣೆ

ಇಷ್ಟೆಲ್ಲ ಎಚ್ಚರಿಕೆಯನ್ನು ಗರ್ಭಿಣಿಯೊಬ್ಬಳ ಮೇಲೆ ಹೊರಿಸುವುದು ನ್ಯಾಯವಲ್ಲ. ಬೀದಿಯಲ್ಲಿ ಕಸ ಸುಡುವ ಪದ್ಧತಿಯನ್ನು ಬಡಾವಣೆಯ ಜನ ಒಟ್ಟಾಗಿ ನಿಲ್ಲಿಸಬಹುದು. ನಿಲ್ಲದಿದ್ದರೆ ನಗರಪಾಲಿಕೆಗೆ ದೂರು ಕೊಡಬಹುದು. ಪ್ರತಿ ಮನೆಯವರೂ ತಮ್ಮ ವಾಹನದ ಹೊಗೆಯ ಪರೀಕ್ಷೆಯನ್ನು ಕಾಗದಕ್ಕಾಗಿ ಮಾತ್ರವಲ್ಲದೆ ನಿಜವಾಗಿಯೂ ಮಾಡಿಸಬಹುದು. ಒಟ್ಟು ಪ್ರಯತ್ನದಿಂದ ಗಾಳಿ ಸುಧಾರಿಸುತ್ತದೆಂಬುದಕ್ಕೆ ಈ ದೇಶದಲ್ಲಿಯೇ ನಿದರ್ಶನವಿದೆ. ಮಕ್ಕಳ ಮಿದುಳಿಗೆ ಮಾರಕವಾದ ಸೀಸವನ್ನು ಬೆರೆಸಿದ ಪೆಟ್ರೋಲು ಒಂದು ಕಾಲದಲ್ಲಿ ಎಲ್ಲೆಡೆ ಮಾರಾಟವಾಗುತ್ತಿತ್ತು. ಅದನ್ನು ಹಂತಹಂತವಾಗಿ ಕಡಿಮೆ ಮಾಡಿ, 2000ದ ಫೆಬ್ರುವರಿಯಿಂದ ದೇಶದಾದ್ಯಂತ ನಿಲ್ಲಿಸಲಾಯಿತು. ಆಗದೆಂದುಕೊಂಡ ಕೆಲಸ ಆಯಿತು.

ಕನ್ನಡಿಗರ ಮನೆಗಳಲ್ಲಿ ಸೀಮಂತವು ಏಳನೆಯ ತಿಂಗಳಿನಲ್ಲಿಯೇ ನಡೆಯಲಿ. ಹಸಿರು ಬಳೆ, ಹೂಮುಡಿ, ಆರತಿ, ಹಾಡುಗಳಿಗೆ ಯಾವ ಕೊರತೆಯೂ ಬಾರದಿರಲಿ. ಆದರೆ ಶುದ್ಧವಾದ ಗಾಳಿಯೆಂಬ ಮಡಿಲಕ್ಕಿಯನ್ನು ಮಾತ್ರ ಏಳನೆಯ ತಿಂಗಳವರೆಗೆ ಕಾಯಿಸದೆ, ಬಸುರಿನ ಸುದ್ದಿ ತಿಳಿದ ದಿನವೇ, ಸಾಧ್ಯವಾದರೆ ಅದಕ್ಕೂ ಮೊದಲೇ, ಆಕೆಯ ಮಡಿಲಿಗೆ ತುಂಬಬೇಕು. ಅತ್ತೆ, ತಾಯಿ, ಗಂಡ, ನೆರೆಹೊರೆಯವರು ಕೂಡಿ ಮಾಡಬೇಕಾದ ಈ ಉಪಚಾರಕ್ಕೆ ಹಣದ ಖರ್ಚು ಅಲ್ಪ. ಬೇಕಾದುದು ತಿಳಿವಳಿಕೆ ಮತ್ತು ಅಕ್ಕರೆ.